ನೀರು ಹೆಚ್ಚಾಗಿ ಸೋಡಿಯಂ ಕುಸಿದಾಗ

ಐದು ಗಂಟೆ ಓಡಿ ಮ್ಯಾರಥಾನ್ ಮುಗಿಸಿದ ಒಬ್ಬ ಮಹಿಳೆಯನ್ನು ಇಬ್ಬರು ತೋಳು ಹಿಡಿದು ವೈದ್ಯಕೀಯ ಡೇರೆಗೆ ಕರೆತಂದಿದ್ದಾರೆ ಎಂದುಕೊಳ್ಳೋಣ. ದಾರಿಯಲ್ಲಿ ಸಿಕ್ಕ ಪ್ರತಿಯೊಂದು ನೀರಿನ ಮೇಜಿನ ಬಳಿಯೂ ಆಕೆ ನಿಂತಿದ್ದಾರೆ, ಬಾಯಾರಿಕೆ ಇದ್ದರೂ ಇಲ್ಲದಿದ್ದರೂ ಲೋಟ ಖಾಲಿ ಮಾಡಿಯೇ ಮುಂದೆ ಓಡಿದ್ದಾರೆ. ಈಗ ತಲೆ ಸಿಡಿಯುತ್ತಿದೆ, ಎರಡು ಸಲ ವಾಂತಿಯಾಗಿದೆ, ಒಮ್ಮೆ ಉತ್ತರಿಸಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಬೆಳಿಗ್ಗೆ ಬೆರಳಲ್ಲಿ ಸುಲಭವಾಗಿ ತಿರುಗುತ್ತಿದ್ದ ಉಂಗುರ ಈಗ ಅಲುಗಾಡುತ್ತಿಲ್ಲ, ಕೈಗಡಿಯಾರದ ಪಟ್ಟಿ ಮಣಿಕಟ್ಟಿನಲ್ಲಿ ಅಚ್ಚೊತ್ತಿದೆ. ಬಿಸಿಲಲ್ಲಿ ಓಡಿ ಬೆವರಿದವರು, ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದು ಸುತ್ತಲಿದ್ದವರು ಮತ್ತೊಂದು ಬಾಟಲಿಯ ಮುಚ್ಚಳ ತೆರೆಯುತ್ತಾರೆ. ಆ ಹೊತ್ತಿನಲ್ಲಿ ಆಕೆಗೆ ಕೊಡಬಾರದ ವಸ್ತುವೆಂದರೆ ಆ ಬಾಟಲಿಯ ನೀರು. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಬೆಳಿಗ್ಗೆ 60 ಕಿಲೋ ಇದ್ದವರು ಈಗ 63 ಕಿಲೋ ತೂಗುತ್ತಾರೆ. ಐದು ಗಂಟೆ ಓಡಿದವರ ತೂಕ ಇಳಿದಿರಬೇಕು. ಏರಿದ್ದರೆ ಅದು ದೇಹದಲ್ಲಿ ಉಳಿದ ನೀರಿನ ತೂಕವೇ ಹೊರತು ಬೇರೆಯದಲ್ಲ.

ಈ ಸ್ಥಿತಿಗೆ ವೈದ್ಯಕೀಯದಲ್ಲಿ ಹೈಪೊನಾಟ್ರೀಮಿಯಾ ಎನ್ನುತ್ತಾರೆ, ಅಂದರೆ ರಕ್ತದಲ್ಲಿ ಸೋಡಿಯಂ ಪ್ರಮಾಣ ತಗ್ಗಿರುವುದು. ಆದರೆ ಈ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಬರುವ ಸೋಡಿಯಂ ಸಂಖ್ಯೆಯು ದೇಹದಲ್ಲಿ ಒಟ್ಟು ಎಷ್ಟು ಉಪ್ಪಿದೆ ಎಂಬುದನ್ನು ಹೇಳುವುದಿಲ್ಲ, ಒಂದು ಲೀಟರ್ ದ್ರವದಲ್ಲಿ ಎಷ್ಟು ಸೋಡಿಯಂ ಕರಗಿದೆ ಎಂಬುದನ್ನಷ್ಟೇ ಹೇಳುತ್ತದೆ. ಆರೋಗ್ಯವಂತರಲ್ಲಿ ಅದು ಲೀಟರಿಗೆ 135ರಿಂದ 145 ಮಿಲಿಮೋಲ್‌ಗಳ ನಡುವೆ ಇರುತ್ತದೆ. ಉಪ್ಪು ಕಳೆದುಹೋದರೂ ಆ ಸಂಖ್ಯೆ ಇಳಿಯುತ್ತದೆ, ಉಪ್ಪು ಇದ್ದಷ್ಟೇ ಇದ್ದು ನೀರು ಹೆಚ್ಚಾದರೂ ಇಳಿಯುತ್ತದೆ. ನಮ್ಮ ಓಟಗಾರ್ತಿಯ ಲೆಕ್ಕವನ್ನೇ ನೋಡೋಣ. 60 ಕಿಲೋ ತೂಕದ ಮಹಿಳೆಯ ದೇಹದಲ್ಲಿ ಸುಮಾರು 30 ಲೀಟರ್ ನೀರಿರುತ್ತದೆ. ಸೋಡಿಯಂ 140 ಇದ್ದ ಆ 30 ಲೀಟರಿಗೆ ಹೊರಹೋಗದ 3 ಲೀಟರ್ ನೀರು ಸೇರಿದರೆ, ಒಂದು ಹರಳು ಉಪ್ಪನ್ನೂ ಕಳೆದುಕೊಳ್ಳದೆ ಸಂಖ್ಯೆ 127ಕ್ಕೆ ಇಳಿಯುತ್ತದೆ. ಬೆವರಿನಲ್ಲಿ ಹೋದ ಉಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅದು 122ರ ಆಸುಪಾಸಿಗೆ ಬರುತ್ತದೆ. 125ಕ್ಕಿಂತ ಕೆಳಗಿನದನ್ನು ವೈದ್ಯರು ತೀವ್ರ ಕುಸಿತವೆಂದು ಪರಿಗಣಿಸುತ್ತಾರೆ.

ಹಾಗಾದರೆ ನೀರು ಕುಡಿದವರಿಗೆಲ್ಲ ಹೀಗೇಕೆ ಆಗುವುದಿಲ್ಲ? ಆರೋಗ್ಯವಂತ ಮೂತ್ರಪಿಂಡಗಳು ಬಹಳ ಸಮರ್ಥ ಅಂಗಗಳು. ವಿಶ್ರಾಂತಿಯಲ್ಲಿರುವ ವಯಸ್ಕರ ಮೂತ್ರಪಿಂಡಗಳು ಗಂಟೆಗೆ 800 ಮಿಲಿಲೀಟರಿನಿಂದ ಒಂದು ಲೀಟರಿನವರೆಗೆ, ದಿನಕ್ಕೆ ಹದಿನೈದು ಲೀಟರಿಗೂ ಹೆಚ್ಚು ನೀರನ್ನು ಹೊರಹಾಕಬಲ್ಲವು. ಆದ್ದರಿಂದ ದಿನವಿಡೀ ಆಗಾಗ ನೀರು ಕುಡಿಯುವ ಅಭ್ಯಾಸವಿರುವವರು ಹೆದರಬೇಕಾಗಿಲ್ಲ. ಮೂತ್ರಪಿಂಡಗಳ ವೇಗವನ್ನು ಮೀರಿ ಒಂದೆರಡು ಗಂಟೆಗಳಲ್ಲಿ ಹಲವು ಲೀಟರ್ ಕುಡಿದಾಗ, ಇಲ್ಲವೆ ಆ ವೇಗವೇ ಯಾವುದೋ ಕಾರಣಕ್ಕೆ ಕುಂದಿದಾಗ ತೊಂದರೆ ಶುರುವಾಗುತ್ತದೆ. 2007ರ ಜನವರಿಯಲ್ಲಿ ಅಮೆರಿಕದ ಸ್ಯಾಕ್ರಮೆಂಟೊ ನಗರದಲ್ಲಿ ರೇಡಿಯೊ ವಾಹಿನಿಯೊಂದು ನಡೆಸಿದ ನೀರು ಕುಡಿಯುವ ಸ್ಪರ್ಧೆಯಲ್ಲಿ ಭಾಗವಹಿಸಿದ್ದ ಯುವತಿಯೊಬ್ಬರು ಅದೇ ದಿನ ತೀರಿಕೊಂಡದ್ದು ಮೊದಲನೆಯ ಬಗೆಗೆ ದುಃಖಕರ ಉದಾಹರಣೆ.

ಎರಡನೆಯ ಬಗೆಯೇ ಹೆಚ್ಚು ಸಾಮಾನ್ಯ, ಮತ್ತು ನನ್ನ ಅಭಿಪ್ರಾಯದಲ್ಲಿ ಜನರಿಗೆ ಹೆಚ್ಚು ತಿಳಿಯಬೇಕಾದದ್ದೂ ಅದೇ. ಮೂತ್ರಪಿಂಡ ಎಷ್ಟು ನೀರನ್ನು ಬಿಡಬೇಕು, ಎಷ್ಟನ್ನು ಉಳಿಸಿಕೊಳ್ಳಬೇಕು ಎಂಬುದನ್ನು ನಿಯಂತ್ರಿಸುವುದು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು. ಇದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ರಕ್ತಕ್ಕೆ ಸೇರುತ್ತದೆ. ರಕ್ತ ತೆಳುವಾದ ಕೂಡಲೇ ಈ ಹಾರ್ಮೋನು ನಿಲ್ಲಬೇಕು, ಮೂತ್ರ ನೀರಿನಂತೆ ಹರಿಯಬೇಕು. ಅದು ಸಹಜ ಕ್ರಮ. ಆದರೆ ನೋವು, ವಾಕರಿಕೆ, ಮಾನಸಿಕ ಒತ್ತಡ, ದೀರ್ಘ ಕಾಲದ ಕಠಿಣ ಶ್ರಮ, ಶಸ್ತ್ರಚಿಕಿತ್ಸೆ ಇವೆಲ್ಲವೂ ರಕ್ತ ಎಷ್ಟೇ ತೆಳುವಾಗಿದ್ದರೂ ವ್ಯಾಸೊಪ್ರೆಸಿನ್ ಸ್ರವಿಸುವಂತೆ ಮಾಡುತ್ತವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್, ಎಕ್ಸ್‌ಟಸಿ ಎಂಬ ಮಾದಕ ವಸ್ತು ಕೂಡ ಹಾಗೆಯೇ. ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದಕ್ಕೆ ಕೊಡುವ ಡೆಸ್ಮೊಪ್ರೆಸಿನ್ ಔಷಧಿಯಂತೂ ಈ ಹಾರ್ಮೋನಿನ ಪ್ರತಿರೂಪವೇ; ಅದನ್ನು ತೆಗೆದುಕೊಂಡ ರಾತ್ರಿ ಹೆಚ್ಚು ನೀರು ಕುಡಿಯಬಾರದೆಂದು ವೈದ್ಯರು ಎಚ್ಚರಿಸುವುದು ಇದಕ್ಕೇ. ಹಾರ್ಮೋನು ಹೀಗೆ ಬಾಗಿಲು ಮುಚ್ಚಿದ ಮೇಲೆ ಕುಡಿದ ನೀರು ಹೋಗುವುದೆಲ್ಲಿಗೆ? ಎರಡು ಮೂರು ಲೀಟರ್ ಕೂಡ ಅಪಾಯಕ್ಕೆ ಸಾಕಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಮೂತ್ರಪಿಂಡಗಳು ಬರೀ ನೀರನ್ನು ಹೊರಹಾಕಲಾರವು. ಪ್ರತಿ ಲೀಟರ್ ಮೂತ್ರದ ಜೊತೆ ಒಂದಿಷ್ಟು ಲವಣ ಮತ್ತು ಯೂರಿಯಾ ಹೋಗಲೇಬೇಕು, ಎಷ್ಟೇ ತೆಳುವಾಗಿಸಿದರೂ ಲೀಟರಿಗೆ ಸುಮಾರು 50 ಮಿಲಿಆಸ್ಮೋಲ್‌ನಷ್ಟಾದರೂ (ದ್ರವದಲ್ಲಿ ಕರಗಿದ ಎಲ್ಲ ಕಣಗಳನ್ನೂ ಒಟ್ಟಾಗಿ ಎಣಿಸುವ ಅಳತೆ ಇದು). ಹೊಟ್ಟೆ ತುಂಬ ಉಣ್ಣುವವರಿಗೆ ದಿನಕ್ಕೆ 600 ಮಿಲಿಆಸ್ಮೋಲ್ ಅಥವಾ ಅದಕ್ಕೂ ಹೆಚ್ಚು ಆಹಾರದಿಂದ ಬರುವುದರಿಂದ ಹನ್ನೆರಡು ಲೀಟರ್ ಮೂತ್ರಕ್ಕೆ ತೊಂದರೆಯಿಲ್ಲ. ಉಪವಾಸದಲ್ಲಿರುವವರಿಗೆ, ಊಟವೇ ಸೇರದ ವೃದ್ಧರಿಗೆ, ಮದ್ಯದಲ್ಲೇ ದಿನ ಕಳೆಯುವವರಿಗೆ ಅದು 200ಕ್ಕೆ ಇಳಿದರೆ, ನಾಲ್ಕು ಲೀಟರಿನ ಮೇಲೆ ಕುಡಿದ ಪ್ರತಿಯೊಂದು ಲೋಟವೂ ದೇಹದಲ್ಲೇ ಉಳಿಯುತ್ತದೆ.

ಅತಿಯಾದ ನೀರು ವಿಷವಾಗಬಹುದು ಎಂಬುದು ಹೊಸ ತಿಳಿವಳಿಕೆಯಲ್ಲ. ಅಮೆರಿಕದ ವೈದ್ಯ ಲಿಯೊನಾರ್ಡ್ ರೌನ್‌ಟ್ರೀ 1923ರಲ್ಲೇ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದ್ದರು. ಮನೋರೋಗ ಚಿಕಿತ್ಸಾಲಯಗಳಲ್ಲಿ, ವಿಶೇಷವಾಗಿ ಸ್ಕಿಜೊಫ್ರೇನಿಯಾ ಇರುವವರಲ್ಲಿ, ತಡೆಯಲಾಗದೆ ನಲ್ಲಿಗೆ ಬಾಯಿಟ್ಟು ಕುಡಿಯುವ ಪ್ರವೃತ್ತಿ ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತು. ಓಟಗಾರರಲ್ಲಿ ಇದು ಗಮನಕ್ಕೆ ಬಂದದ್ದು ತಡವಾಗಿ: ದಕ್ಷಿಣ ಆಫ್ರಿಕದ ಟಿಮ್ ನೋಕ್ಸ್ ಮತ್ತು ಸಂಗಡಿಗರು ದೀರ್ಘ ದೂರದ ಸ್ಪರ್ಧೆಗಳಲ್ಲಿ ಹೀಗಾದ ನಾಲ್ವರ ವಿವರವನ್ನು 1985ರಲ್ಲಿ ಪ್ರಕಟಿಸಿದರು. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಹೊರಬಂತು. ಅವರಲ್ಲಿ ಶೇಕಡ 13ರಷ್ಟು ಮಂದಿಯ ಸೋಡಿಯಂ 135 ಅಥವಾ ಅದಕ್ಕಿಂತ ಕೆಳಗಿತ್ತು, ಮೂವರದು 120 ಅಥವಾ ಅದಕ್ಕೂ ಕೆಳಗೆ ಇಳಿದಿತ್ತು. ಓಟದ ಅವಧಿಯಲ್ಲಿ ತೂಕ ಹೆಚ್ಚಾದವರಲ್ಲೇ ಕುಸಿತ ಎದ್ದು ಕಾಣುತ್ತಿತ್ತು. ಕುಡಿದದ್ದು ನೀರೋ ಸ್ಪೋರ್ಟ್ಸ್ ಡ್ರಿಂಕೋ ಎಂಬುದರಿಂದ ವ್ಯತ್ಯಾಸವಾಗಿರಲಿಲ್ಲ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ, ಏಕೆಂದರೆ ಅಂಥ ಪಾನೀಯಗಳಲ್ಲಿ ಸಾಮಾನ್ಯವಾಗಿ ಲೀಟರಿಗೆ 20 ಮಿಲಿಮೋಲ್ ಆಸುಪಾಸಿನಲ್ಲಷ್ಟೇ ಸೋಡಿಯಂ ಇರುತ್ತದೆ. 140ರ ರಕ್ತಕ್ಕೆ ಹೋಲಿಸಿದರೆ ಅದು ಬಹುಪಾಲು ನೀರೇ. ಆರು ತಿಂಗಳೊಳಗಿನ ಶಿಶುಗಳ ವಿಷಯವನ್ನೂ ಇಲ್ಲಿ ಹೇಳಿಬಿಡಬೇಕು. ಹಾಲಿನ ಪುಡಿಗೆ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸಿದರೆ, ಅಥವಾ ಹಾಲಿನ ಬದಲು ನೀರು ಕುಡಿಸಿದರೆ, ಆ ಪುಟ್ಟ ದೇಹದಲ್ಲಿ ಸೋಡಿಯಂ ಬಹಳ ಬೇಗ ಕುಸಿದು ಮಗುವಿಗೆ ಫಿಟ್ಸ್ ಬರಬಹುದು.

ಸೋಡಿಯಂ ಇಳಿದಾಗ ಮೊದಲು ತೊಂದರೆಗೀಡಾಗುವ ಅಂಗ ಮಿದುಳು. ಕೋಶಗಳ ಹೊರಗಿನ ದ್ರವ ತೆಳುವಾದರೆ, ದಟ್ಟವಾಗಿರುವ ಒಳಭಾಗಕ್ಕೆ ನೀರು ನುಗ್ಗಿ ಕೋಶಗಳು ಊದಿಕೊಳ್ಳುತ್ತವೆ. ಕಾಲಿನ ಸ್ನಾಯು ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ, ಬುರುಡೆ ಹಿಗ್ಗುವುದಿಲ್ಲ. ತಲೆನೋವು, ವಾಕರಿಕೆ, ಮಂಕುತನದಿಂದ ಶುರುವಾದದ್ದು ಗೊಂದಲ, ಫಿಟ್ಸ್, ಪ್ರಜ್ಞಾಹೀನತೆಗೆ ಏರಿ, ಒತ್ತಡ ಮಿದುಳಿನ ಕಾಂಡವನ್ನು ತಲುಪಿದರೆ ಉಸಿರಾಟವೇ ನಿಲ್ಲಬಹುದು. ಹೀಗಿದ್ದರೂ ಸೋಡಿಯಂ 115 ಇದ್ದುಕೊಂಡು ಹಾಸಿಗೆಯ ಮೇಲೆ ಕುಳಿತು ಮಾತಾಡುವ ರೋಗಿಗಳಿದ್ದಾರೆ, 125ಕ್ಕೆ ಇಳಿದೊಡನೆ ಫಿಟ್ಸ್ ಬಂದವರೂ ಇದ್ದಾರೆ. ಈ ವ್ಯತ್ಯಾಸಕ್ಕೆ ಕಾರಣ ಕಾಲ. ಸೋಡಿಯಂ ನಿಧಾನವಾಗಿ ಇಳಿದರೆ ಮಿದುಳಿನ ಕೋಶಗಳಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಅವು ಪೊಟ್ಯಾಸಿಯಂ ಮತ್ತು ಕ್ಲೋರೈಡ್‌ಗಳನ್ನು ಹೊರದಬ್ಬುತ್ತವೆ, ಆಮೇಲೆ ಟಾರಿನ್, ಗ್ಲುಟಮೇಟ್, ಮಯೊಇನಾಸಿಟಾಲ್‌ನಂತಹ ಸಾವಯವ ವಸ್ತುಗಳನ್ನೂ ಬಿಟ್ಟುಕೊಡುತ್ತವೆ. ಸುಮಾರು 48 ಗಂಟೆಗಳಲ್ಲಿ ಒಳಗೂ ಹೊರಗೂ ಸಮತೋಲ ಬಂದು ಊತ ಬಹುಮಟ್ಟಿಗೆ ಇಳಿಯುತ್ತದೆ. ಆದ್ದರಿಂದಲೇ ವೈದ್ಯರು 48 ಗಂಟೆಗಳನ್ನು ಗಡಿಯಾಗಿ ಇಟ್ಟುಕೊಂಡು, ಅದಕ್ಕಿಂತ ಈಚಿನ ಕುಸಿತವನ್ನು ಹಠಾತ್ ಎಂದೂ ಹಿಂದಿನದನ್ನು ದೀರ್ಘಕಾಲಿಕ ಎಂದೂ ವಿಂಗಡಿಸುತ್ತಾರೆ. ಒಂದೇ ಸಂಖ್ಯೆಗೆ ಎರಡು ಬೇರೆ ಬೇರೆ ಚಿಕಿತ್ಸೆಗಳಿರುವುದು ಈ ಗಡಿಯಿಂದಾಗಿ.

ರೋಗನಿರ್ಣಯದ ಮೊದಲ ಹೆಜ್ಜೆ ಅನುಮಾನ ಪಡುವುದು. ಲಕ್ಷಣಗಳನ್ನಷ್ಟೇ ನೋಡಿದರೆ ಬಿಸಿಲಿನ ಆಘಾತ, ನಿರ್ಜಲೀಕರಣ, ಮದ್ಯದ ಅಮಲು, ಮನೋರೋಗದ ಉಲ್ಬಣ ಎಲ್ಲವೂ ಹೀಗೆಯೇ ಕಾಣಬಹುದು. ಎಷ್ಟು ಕುಡಿದರು, ಎಷ್ಟು ಹೊತ್ತಿನಲ್ಲಿ ಕುಡಿದರು, ತೂಕ ಏರಿದೆಯೇ, ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬ ಪ್ರಶ್ನೆಗಳು ಇಲ್ಲಿ ಸ್ಕ್ಯಾನಿಂಗಿಗಿಂತ ಮೊದಲು ಬರಬೇಕು. ರಕ್ತದ ಸೋಡಿಯಂ ತಿಳಿಯುವುದು ಈಗ ಕಷ್ಟವಲ್ಲ. ತುರ್ತು ಘಟಕದ ಬ್ಲಡ್ ಗ್ಯಾಸ್ ಯಂತ್ರ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಆದರೆ ಆ ಸಂಖ್ಯೆ ನಿಜವೇ ಎಂದು ನೋಡಿಕೊಳ್ಳಬೇಕು. ಗ್ಲೂಕೋಸ್ ಡ್ರಿಪ್ ಹಾಕಿದ ಕೈಯಿಂದಲೇ ರಕ್ತ ತೆಗೆದಿದ್ದರೆ ಡ್ರಿಪ್‌ನ ದ್ರವ ಬೆರೆತು ಸೋಡಿಯಂ ಸುಳ್ಳಾಗಿ ಕಡಿಮೆ ಬರುತ್ತದೆ. ಸಕ್ಕರೆ ವಿಪರೀತ ಏರಿದ್ದರೆ ಅದು ಕೋಶಗಳಿಂದ ನೀರನ್ನು ಹೊರಗೆಳೆದು, ಡೆಸಿಲೀಟರಿಗೆ ಪ್ರತಿ 100 ಮಿಲಿಗ್ರಾಂ ಏರಿಕೆಗೆ ಸೋಡಿಯಂ ಅನ್ನು ಸುಮಾರು 1.6ರಿಂದ 2.4ರಷ್ಟು ಇಳಿಸುತ್ತದೆ, ಅಲ್ಲಿ ಮಿದುಳು ಊದುವ ಪ್ರಶ್ನೆಯೇ ಬರುವುದಿಲ್ಲ, ಚಿಕಿತ್ಸೆಯೂ ಬೇರೆ.

ಇವೆರಡನ್ನೂ ತಳ್ಳಿಹಾಕಿದ ಮೇಲೆ ರಕ್ತದ ಒಟ್ಟು ಸಾಂದ್ರತೆಯನ್ನು, ಅಂದರೆ ಆಸ್ಮೊಲಾಲಿಟಿಯನ್ನು ಅಳೆಯುತ್ತಾರೆ. ಅದು 275ಕ್ಕಿಂತ ಕಡಿಮೆಯಿದ್ದರೆ ರಕ್ತ ನಿಜಕ್ಕೂ ತೆಳುವಾಗಿದೆ. ಮುಂದಿನ ಉತ್ತರವನ್ನು ಕೊಡುವುದು ಮೂತ್ರ. ಮೂತ್ರದ ಸಾಂದ್ರತೆ 100 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮೂತ್ರಪಿಂಡಗಳು ತಮ್ಮ ಕೆಲಸ ಮಾಡುತ್ತಿವೆ, ಒಳಬರುವ ನೀರಿನ ವೇಗಕ್ಕೆ ಸೋತಿವೆ ಎಂದರ್ಥ. ಅತಿಯಾಗಿ ಕುಡಿದವರಲ್ಲಿ ಅಥವಾ ಊಟ ಬಿಟ್ಟವರಲ್ಲಿ ಹೀಗಿರುತ್ತದೆ. ರಕ್ತ ತೆಳುವಾಗಿದ್ದರೂ ಮೂತ್ರ 100ಕ್ಕಿಂತ ದಟ್ಟವಾಗಿದ್ದರೆ ವ್ಯಾಸೊಪ್ರೆಸಿನ್ ಕೆಲಸ ಮಾಡುತ್ತಿದೆ, ಅದಕ್ಕೆ ಕಾರಣ ಹುಡುಕಬೇಕು. ಆಗ ಮೂತ್ರದ ಸೋಡಿಯಂ ನೋಡುತ್ತಾರೆ. ಅದು ಲೀಟರಿಗೆ 30ಕ್ಕಿಂತ ಕಡಿಮೆಯಿದ್ದರೆ ವಾಂತಿಭೇದಿಯಂತಹ ಕಾರಣದಿಂದ ರಕ್ತನಾಳಗಳಲ್ಲಿ ದ್ರವವೇ ಕಡಿಮೆಯಾಗಿರಬಹುದು, ಅಥವಾ ಹೃದಯ, ಯಕೃತ್ತಿನ ಕಾಯಿಲೆಗಳಿರಬಹುದು. ಹೆಚ್ಚಿದ್ದರೆ ಔಷಧಿಗಳು, ಶ್ವಾಸಕೋಶ ಇಲ್ಲವೆ ಮಿದುಳಿನ ಕಾಯಿಲೆಗಳು, ಅಡ್ರಿನಲ್ ಗ್ರಂಥಿಯ ಕೊರತೆ ಇವುಗಳ ಕಡೆ ಗಮನ ಹೋಗುತ್ತದೆ. ಇಷ್ಟನ್ನೂ ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು. ಫಿಟ್ಸ್ ಬರುತ್ತಿರುವ ರೋಗಿಗೆ ಈ ಎಲ್ಲ ವರದಿಗಳೂ ಕೈಸೇರಲಿ ಎಂದು ಕಾಯುವಂತಿಲ್ಲ. ಮೂತ್ರದ ಮಾದರಿಯನ್ನು ತೆಗೆದಿಟ್ಟು ಚಿಕಿತ್ಸೆ ಶುರುಮಾಡಬೇಕು.

ಆ ಚಿಕಿತ್ಸೆ ಶೇಕಡ 3ರ ಉಪ್ಪಿನ ದ್ರಾವಣ. ಸಾಮಾನ್ಯವಾಗಿ ಏರಿಸುವ ನಾರ್ಮಲ್ ಸಲೈನ್ ಶೇಕಡ 0.9ರದು, ಅದರಲ್ಲಿ ಲೀಟರಿಗೆ 154 ಮಿಲಿಮೋಲ್ ಸೋಡಿಯಂ ಇರುತ್ತದೆ. ಶೇಕಡ 3ರದರಲ್ಲಿ 513. ನಮ್ಮ ಓಟಗಾರ್ತಿಗೆ ಡೇರೆಯಲ್ಲೇ ಫಿಟ್ಸ್ ಶುರುವಾಯಿತೆನ್ನಿ. ಉಸಿರಾಟದ ದಾರಿ ಸರಿಯಿರುವಂತೆ ನೋಡಿಕೊಂಡು, ಆಮ್ಲಜನಕ ಕೊಡುತ್ತ, ಕೈಯ ರಕ್ತನಾಳದ ಮೂಲಕವೇ ಈ ದ್ರಾವಣದ 100 ಮಿಲಿಲೀಟರನ್ನು ಹತ್ತು ನಿಮಿಷದಲ್ಲಿ ಹರಿಸುತ್ತಾರೆ. ಲಕ್ಷಣಗಳು ಮುಂದುವರಿದರೆ ಮತ್ತೆ 100, ಬೇಕಾದರೆ ಮೂರನೆಯ ಸಲವೂ. 150 ಮಿಲಿಲೀಟರನ್ನು ಇಪ್ಪತ್ತು ನಿಮಿಷದಲ್ಲಿ ಕೊಡುವ ಯೂರೋಪಿನ ಪದ್ಧತಿಯೂ ಇದೆ. ಒಂದೊಂದು ಸಲ ಕೊಟ್ಟಾಗಲೂ ಸೋಡಿಯಂ ಒಂದರಿಂದ ಎರಡು ಅಂಕ ಮಾತ್ರ ಏರುತ್ತದೆ. ಅಷ್ಟು ಸಾಕೇ ಎಂದು ಯಾರಿಗಾದರೂ ಅನ್ನಿಸಬಹುದು. ಗುರಿ 140 ಅಲ್ಲವೇ ಅಲ್ಲ. ಮೊದಲ ಕೆಲವು ಗಂಟೆಗಳಲ್ಲಿ 4ರಿಂದ 6 ಅಂಕ ಏರಿದರೆ ಮಿದುಳಿನ ಒತ್ತಡ ತಗ್ಗಿ, ಫಿಟ್ಸ್ ನಿಂತು, ಪ್ರಾಣಾಪಾಯ ದೂರವಾಗುತ್ತದೆ. 122ರಿಂದ 127ಕ್ಕೆ ಬಂದ ರೋಗಿ ಕಣ್ಣು ತೆರೆದು ತನ್ನ ಹೆಸರು ಹೇಳುವುದುಂಟು.

ನಾರ್ಮಲ್ ಸಲೈನ್ ಏಕೆ ಬೇಡ? ವ್ಯಾಸೊಪ್ರೆಸಿನ್ ಕೆಲಸ ಮಾಡುತ್ತಿರುವಾಗ ಮೂತ್ರಪಿಂಡಗಳು ಆ ಸಲೈನ್‌ನ ಉಪ್ಪನ್ನು ಕಡಿಮೆ ನೀರಿನಲ್ಲಿ ದಟ್ಟವಾಗಿ ಹೊರಹಾಕಿ, ನೀರನ್ನು ಮಾತ್ರ ಉಳಿಸಿಕೊಳ್ಳಬಲ್ಲವು. ಉಪ್ಪಿನ ನೀರು ಏರಿಸುತ್ತಿದ್ದರೂ ಸೋಡಿಯಂ ಮತ್ತಷ್ಟು ಇಳಿಯುತ್ತದೆ. ಗ್ಲೂಕೋಸ್ ಡ್ರಿಪ್ ಕೊಟ್ಟರಂತೂ ಸಕ್ಕರೆ ಕರಗಿಹೋಗಿ ಬರೀ ನೀರು ಉಳಿಯುತ್ತದೆ. ಪೂರ್ಣ ಎಚ್ಚರವಿದ್ದು, ಬರೀ ವಾಕರಿಕೆ, ತಲೆನೋವು ಇರುವ ಓಟಗಾರರಿಗೆ ನೀರು ನಿಲ್ಲಿಸಿ, ನುಂಗಲು ತೊಂದರೆಯಿಲ್ಲದಿದ್ದರೆ ಬಹಳ ಉಪ್ಪಾದ ದಟ್ಟ ದ್ರಾವಣವನ್ನು ಸ್ವಲ್ಪ ಪ್ರಮಾಣದಲ್ಲಿ ಕುಡಿಸುವುದೂ ಒಪ್ಪಿತ ಕ್ರಮ. ಹಾರ್ಮೋನು ಹಿಂದೆ ಸರಿದು ಮೂತ್ರ ಧಾರಾಳವಾಗಿ ಬರಲು ಶುರುವಾದರೆ ಅರ್ಧ ಚಿಕಿತ್ಸೆ ದೇಹವೇ ಮಾಡಿಕೊಳ್ಳುತ್ತದೆ.

ಓಟಗಾರ್ತಿಯ ಸೋಡಿಯಂ ಕೆಲವೇ ಗಂಟೆಗಳಲ್ಲಿ ಇಳಿದದ್ದರಿಂದ ಅದನ್ನು ಬೇಗ ಏರಿಸಿದರೆ ಅಪಾಯ ಕಡಿಮೆ. ಆದರೆ ವಾರಗಟ್ಟಲೆ ಅತಿಯಾಗಿ ನೀರು ಕುಡಿಯುತ್ತ ಬಂದ ಮನೋರೋಗಿಯ ಸೋಡಿಯಂ 112 ಇದ್ದರೆ ಪರಿಸ್ಥಿತಿ ತಲೆಕೆಳಗು. ಅವರ ಮಿದುಳು ಆಗಲೇ ಹೊಂದಿಕೊಂಡಿದೆ, ತನ್ನೊಳಗಿನ ಸಾವಯವ ವಸ್ತುಗಳನ್ನು ಬಿಟ್ಟುಕೊಟ್ಟಿದೆ, ಅವನ್ನು ಮತ್ತೆ ಕೂಡಿಸಿಕೊಳ್ಳಲು ದಿನಗಳೇ ಬೇಕು. ಆ ನಡುವೆ ರಕ್ತದ ಸೋಡಿಯಂ ಸರ್ರನೆ ಏರಿದರೆ ಕೋಶಗಳು ಕುಗ್ಗಿ, ನರತಂತುಗಳ ಮೇಲಿನ ಮಯಲಿನ್ ಹೊದಿಕೆ ಹಾಳಾಗುತ್ತದೆ. ಆಸ್ಮೋಟಿಕ್ ಡಿಮಯಲಿನೇಷನ್ ಎಂದು ಕರೆಯುವ ಈ ಹಾನಿಯನ್ನು 1959ರಲ್ಲಿ ಮೊದಲು ವಿವರಿಸಿದವರು ರೇಮಂಡ್ ಆಡಮ್ಸ್ ಮತ್ತು ಅವರ ಸಹೋದ್ಯೋಗಿಗಳು. ಅವರು ಕಂಡದ್ದು ಮದ್ಯವ್ಯಸನಿಗಳಲ್ಲಿ ಮತ್ತು ಪೌಷ್ಟಿಕಾಂಶದ ಕೊರತೆಯಿದ್ದವರಲ್ಲಿ. ಇದರ ಕ್ರೌರ್ಯ ಇರುವುದು ತಡವಾಗಿ ಕಾಣಿಸಿಕೊಳ್ಳುವುದರಲ್ಲಿ. ಸೋಡಿಯಂ ಸರಿಹೋಯಿತು, ರೋಗಿ ಚೇತರಿಸಿಕೊಂಡರು ಎಂದು ಮನೆಯವರು ನಿಟ್ಟುಸಿರು ಬಿಟ್ಟ ಎರಡರಿಂದ ಆರು ದಿನಗಳಲ್ಲಿ ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೈಕಾಲು ಸ್ವಾಧೀನ ತಪ್ಪುತ್ತದೆ. ಕೆಲವರು ಪೂರ್ಣವಾಗಿ ಚೇತರಿಸಿಕೊಳ್ಳುತ್ತಾರೆ, ಎಲ್ಲರೂ ಅಲ್ಲ. ಅದಕ್ಕಾಗಿ ದೀರ್ಘಕಾಲಿಕ ಕುಸಿತದಲ್ಲಿ 24 ಗಂಟೆಗಳಿಗೆ 8ರಿಂದ 10 ಅಂಕ ಮೀರದಂತೆ ಏರಿಸಬೇಕೆಂಬುದು ಸಾಮಾನ್ಯ ನಿಯಮ. ಸೋಡಿಯಂ 105 ಅಥವಾ ಅದಕ್ಕಿಂತ ಕೆಳಗಿದ್ದವರಲ್ಲಿ, ಪೊಟ್ಯಾಸಿಯಂ ತಗ್ಗಿದವರಲ್ಲಿ, ಯಕೃತ್ತಿನ ಕಾಯಿಲೆ, ಮದ್ಯವ್ಯಸನ, ಅಪೌಷ್ಟಿಕತೆ ಇರುವವರಲ್ಲಿ 8ನ್ನು ಮೀರಲೇಬಾರದು. ಕುಸಿತ ಯಾವಾಗ ಶುರುವಾಯಿತೆಂದು ತಿಳಿಯದಿದ್ದರೆ ಅದನ್ನು ದೀರ್ಘಕಾಲಿಕವೆಂದೇ ಭಾವಿಸಬೇಕು. ಆದರೆ ಅಂಥವರಿಗೂ ಫಿಟ್ಸ್ ಬಂದರೆ ಮೊದಲ 4ರಿಂದ 6 ಅಂಕಗಳನ್ನು ಬೇಗನೆ ಏರಿಸಬೇಕು, ದಿನದ ಉಳಿದ ಪಾಲನ್ನು ಬಿಗಿಹಿಡಿಯಬೇಕು.

ಹೀಗೆ ಬಿಗಿಹಿಡಿಯುವುದು ಹೇಳಿದಷ್ಟು ಸುಲಭವಲ್ಲ. ನೀರು ಕುಡಿದೇ ಸೋಡಿಯಂ ಇಳಿದವರಲ್ಲಿ ಕುಡಿಯುವುದು ನಿಂತ ಕೂಡಲೇ ಮೂತ್ರಪಿಂಡಗಳು ಬಾಕಿ ನೀರನ್ನೆಲ್ಲ ಒಮ್ಮೆಗೇ ಹೊರಹಾಕತೊಡಗುತ್ತವೆ. ರಾತ್ರಿ ಪಾಳಿಯ ನರ್ಸ್ ನೋಡುನೋಡುತ್ತಿರುವಾಗಲೇ ಮಂಚದ ಪಕ್ಕದ ಮೂತ್ರದ ಚೀಲ ತುಂಬುತ್ತದೆ. ಮೊದಲು ಹಳದಿಯಾಗಿದ್ದದ್ದು ಆಮೇಲೆ ನಲ್ಲಿ ನೀರಿನಷ್ಟು ತಿಳಿ. ಯಾರೂ ಹೊಸದಾಗಿ ಉಪ್ಪು ಕೊಡದಿದ್ದರೂ ಸೋಡಿಯಂ ಗಂಟೆಗೆ ಎರಡು ಅಂಕದಂತೆ ಏರಬಹುದು. ಮೂತ್ರ ಗಂಟೆಗೆ 100 ಮಿಲಿಲೀಟರ್ ದಾಟಿದರೆ ಅದನ್ನು ಎಚ್ಚರಿಕೆಯ ಗಂಟೆಯೆಂದು ತಿಳಿದು, ಪ್ರತಿ ಎರಡು ಗಂಟೆಗೊಮ್ಮೆಯಾದರೂ ರಕ್ತ ಪರೀಕ್ಷಿಸಬೇಕು. ಮಿತಿ ದಾಟುವ ಸೂಚನೆ ಕಂಡರೆ ಶೇಕಡ 5ರ ಗ್ಲೂಕೋಸ್ ಡ್ರಿಪ್‌ನಿಂದ ನೀರನ್ನು ಮರಳಿ ಕೊಡುತ್ತಾರೆ, ಡೆಸ್ಮೊಪ್ರೆಸಿನ್ ಚುಚ್ಚುಮದ್ದಿನಿಂದ ಮೂತ್ರವನ್ನು ತಡೆಯುತ್ತಾರೆ. ಕೆಲವು ಗಂಟೆಗಳ ಹಿಂದೆ ರೋಗಿಗೆ ವಿಷವಾಗಿದ್ದ ನೀರು, ಬೇಡವಾಗಿದ್ದ ಹಾರ್ಮೋನು ಈಗ ಔಷಧಿಯಾಗುತ್ತವೆ. ಮಿತಿ ದಾಟಿಹೋಗಿದ್ದರೂ ಸೋಡಿಯಂ ಅನ್ನು ಬೇಗನೆ ಮತ್ತೆ ಕೆಳಗಿಳಿಸಿ ಹಾನಿ ತಪ್ಪಿಸುವ ಪ್ರಯತ್ನಕ್ಕೆ ಅವಕಾಶವಿದೆ. ಈ ರೋಗಿಗಳನ್ನು ಮೊದಲ ದಿನ ಐಸಿಯುನಲ್ಲಿ ಇಡಬೇಕೆನ್ನುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಈ ಮೂತ್ರದ ಚೀಲವೇ.

ಮುಂದೆ ಮರುಕಳಿಸದಂತೆ ನೋಡಿಕೊಳ್ಳುವ ದಾರಿ ಒಬ್ಬೊಬ್ಬರಿಗೆ ಒಂದೊಂದು. ಓಟಗಾರರಿಗೆ 2015ರ ಅಂತರರಾಷ್ಟ್ರೀಯ ತಜ್ಞರ ಸಭೆ ಕೊಟ್ಟ ಸಲಹೆ ಸರಳ: ಬಾಯಾರಿದಾಗ ಕುಡಿಯಿರಿ, ಗಡಿಯಾರ ನೋಡಿ ಕುಡಿಯಬೇಡಿ. ಮನೋರೋಗ ವಾರ್ಡುಗಳಲ್ಲಿ ಬೆಳಿಗ್ಗೆಯ ಮತ್ತು ಮಧ್ಯಾಹ್ನದ ತೂಕ ನೋಡುತ್ತಾರೆ; ಒಂದೇ ದಿನದಲ್ಲಿ ತೂಕ ನಿಗದಿತ ಮಿತಿ ದಾಟಿ ಏರಿದರೆ ನೀರಿಗೆ ತಡೆ ಹಾಕಿ ರಕ್ತ ಪರೀಕ್ಷಿಸುತ್ತಾರೆ. ಕಾರಣವಾದ ಮಾತ್ರೆಗಳನ್ನು ವೈದ್ಯರು ಬದಲಿಸುತ್ತಾರೆ, ಅವನ್ನು ರೋಗಿ ತಾನಾಗಿ ನಿಲ್ಲಿಸುವಂತಿಲ್ಲ.

ಬಹಳ ನೀರು ಕುಡಿದ ಮೇಲೆ ತಲೆನೋವು, ವಾಂತಿ ಶುರುವಾಗಿ ಮಾತು ತಡವರಿಸಿದರೆ, ಮಂಕು ಕವಿದರೆ, ಫಿಟ್ಸ್ ಬಂದರೆ ತಡಮಾಡದೆ ತುರ್ತು ಘಟಕಕ್ಕೆ ಕರೆದೊಯ್ಯಬೇಕು, ದಾರಿಯಲ್ಲಿ ನೀರು ಕುಡಿಸಬಾರದು. ಜೊತೆಗೆ ಹೋದವರು ವೈದ್ಯರಿಗೆ ಎಷ್ಟು ಲೀಟರ್ ಕುಡಿದರೆಂದು ಹೇಳುವುದರ ಜೊತೆಗೆ, ಕುಡಿಯಲು ಶುರುಮಾಡಿದ್ದು ಇವತ್ತು ಬೆಳಿಗ್ಗೆಯೋ, ಹೋದ ವಾರವೋ ಎಂಬುದನ್ನು ನೆನಪು ಮಾಡಿಕೊಂಡು ಹೇಳಬೇಕು. ಸೋಡಿಯಂ ಅನ್ನು ಎಷ್ಟು ವೇಗವಾಗಿ ಏರಿಸಬಹುದೆಂದು ವೈದ್ಯರು ತೀರ್ಮಾನಿಸುವುದು ಬಹುಮಟ್ಟಿಗೆ ಆ ಉತ್ತರದ ಮೇಲೆ.